ಹುಳಿ ಹತ್ತದ ನಿಂಬೆ

ಹೆಡ್‌ಮಿಸ್ಸಿನ ಬಾಯಿ ಎಷ್ಟು ಹುಳಿ ಎಂದು ಹಲ್ಲಿನ ಡಾಕ್ಟರಮ್ಮ ತುಂಬಿದ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿಬಿಟ್ಟ ದಿನ, ಆ ಹುಳಿ ನಿಜಕ್ಕೂ ಒಂದು ಬಕೆಟ್ ಮಣ್ಣಿನದ್ದಾಗಿತ್ತು.

"ಮಿಸ್, ಇಷ್ಟೊಂದು ಹುಳಿ ಬಾಯಿ ನಾನು ನೋಡೇ ಇಲ್ಲ," ಎಂದು ಅವರು ಹುಳಿ ಅಳೆಯುವ, ಹಳದಿಗೆ ತಿರುಗಿದ ಕಾಗದದ ತುಂಡೊಂದನ್ನು ಬೆಳಕಿಗೆ ಹಿಡಿದು ಹೇಳಿದರು. ದಿನವಿಡೀ ಹಲ್ಲು ಕೊರೆಯುವ ಯಂತ್ರದ ಪಕ್ಕ ನಿಂತು ನಿಂತು ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. "ಸಿಹಿ ತಿಂತೀರಾ? ಚಾಕೊಲೇಟು, ಮಿಠಾಯಿ, ಇಂಥದ್ದು?"

ಕಾಯುವ ಕೋಣೆಯಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಹೆಡ್‌ಮಿಸ್ಸಿನ ಹಳೇ ವಿದ್ಯಾರ್ಥಿಗಳು. ಅಷ್ಟೂ ಜನರ ಜೇಬಿನಿಂದ ಒಂದಲ್ಲ ಒಂದು ಕಾಲದಲ್ಲಿ ಅವರು ಮಿಠಾಯಿ ಕಿತ್ತುಕೊಂಡಿದ್ದರು. ಕಿತ್ತುಕೊಂಡದ್ದೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ಎರಡು ತಲೆಮಾರಿನ ಮಕ್ಕಳು ಬಿಡಿಸಲಾಗದೆ ಬಿಟ್ಟ ಲೆಕ್ಕ.

ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡರು. "ದಿನಕ್ಕೆ ಎರಡೇ," ಎಂದರು. "ಅದೂ ಊಟ ಆದ ಮೇಲೆ."

ಲೆಕ್ಕ ಬಗೆಹರಿಯಿತು. ಯಾರೂ ನಗಲಿಲ್ಲ, ನಗುವುದಕ್ಕೂ ಕೈಯೆತ್ತಿ ಅಪ್ಪಣೆ ಕೇಳುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ತೆರೆಯಿತು. ಮೊಣಕೈವರೆಗೆ ಬಿಳೀ ಪ್ಲಾಸ್ಟರ್ ಮೆತ್ತಿಕೊಂಡಿದ್ದ ಮನುಷ್ಯನೊಬ್ಬ ಒಂದು ಕೈಯಲ್ಲಿ ಯಾರದ್ದೋ ಕೆಳದವಡೆ, ಇನ್ನೊಂದು ಕೈಯಲ್ಲಿ ಹಸಿರು ಕಾಗದದ ತುಂಡು ಹಿಡಿದು ಹೊಸ್ತಿಲಲ್ಲಿ ನಿಂತ.

"ಡಾಕ್ಟರಮ್ಮ, ಅದು ಮಿಸ್ ಬಾಯಲ್ಲ," ಎಂದ. "ನನ್ನ ಮಣ್ಣು. ಮಿಸ್ ಬಾಯಿ ನನ್ನ ಹತ್ರ ಇದೆ."

ಅವನೇ ಸೆಟ್ಟಣ್ಣ. ಸೆಟ್ಟಣ್ಣ ಎಂಬುದು ಅವನ ಹೆಸರಲ್ಲ, ಕಸುಬು. ಹಲ್ಲಿನ ಸೆಟ್ಟು ಮಾಡುವ ಅಣ್ಣ, ಆದ್ದರಿಂದ ಸೆಟ್ಟಣ್ಣ. ಡಾಕ್ಟರಮ್ಮನ ಅಪ್ಪ, ಅಂದರೆ ಹಳೇ ಡಾಕ್ಟರು, ಈ ಚಿಕಿತ್ಸಾಲಯ ತೆರೆದಾಗಿನಿಂದ ಒಳಗಿನ ಸಣ್ಣ ಕೋಣೆಯಲ್ಲಿ ಕೂತು ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲು ಕಟ್ಟಿಕೊಟ್ಟವನು. ಯಾರ ನಗು ಸ್ವಂತದ್ದು, ಯಾರದ್ದು ರಾತ್ರಿ ಲೋಟದಲ್ಲಿ ಮಲಗುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತು. ಆದರೆ ಅವನು ಬಾಯಿ ಬಿಡುವುದಿಲ್ಲ. ಇನ್ನೊಬ್ಬರ ಬಾಯಿಯ ವಿಷಯ ತನ್ನ ಬಾಯಲ್ಲಿ ಬರಬಾರದು ಎಂಬುದು ಅವನು ತನಗೆ ತಾನೇ ಹಾಕಿಕೊಂಡ ನೇಮ.

ಅದೊಂದನ್ನು ಬಿಟ್ಟರೆ ಬೇರೆ ಯಾವುದನ್ನೂ ಮುಚ್ಚಿಡಲು ಅವನಿಗೆ ಬರದು. ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳಿ ಕೆಲಸ ಮುಂದುವರಿಸುತ್ತಾನೆ. ಮದುವೆಯಾದ ಹೊಸದರಲ್ಲಿ ಹೆಂಡತಿ "ನಾನು ಹೇಗೆ ಕಾಣ್ತೀನಿ?" ಎಂದು ಕೇಳಿದ್ದಕ್ಕೆ, "ಮೇಲಿನ ಎಡಗಡೆ ಕೋರೆಹಲ್ಲು ಸ್ವಲ್ಪ ತಿರುಗಿದೆ" ಎಂದಿದ್ದ. ಆಕೆ ಇವತ್ತಿಗೂ ಫೋಟೋದಲ್ಲಿ ತುಟಿ ಬಿಗಿದುಕೊಂಡೇ ನಿಲ್ಲುತ್ತಾಳೆ. ಅಲ್ಲಿ ಆಡದ ಮಾತನ್ನೆಲ್ಲ ಮನೆಯಲ್ಲಿ ಬಡ್ಡಿಸಮೇತ ಆಡಿ ಮುಗಿಸುತ್ತಾಳೆ.

ಈ ಸೆಟ್ಟಣ್ಣನಿಗೆ ಗಿಡದ ಹುಚ್ಚು. ಮನೆ ಚಿಕಿತ್ಸಾಲಯದ ಮೇಲಿನ ಮಹಡಿಯಲ್ಲೇ ಇದೆ, ಆದರೆ ಹಿಂಬದಿಗೆ. ಕಿಟಕಿ ಇದೆ, ಕಿಟಕಿ ತೆಗೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ ಇದೆ. ಬಿಸಿಲು ಬೀಳುವುದು ಕೆಳಗೆ ಕಾಯುವ ಕೋಣೆಯ ದೊಡ್ಡ ಕಿಟಕಿಗೆ ಮಾತ್ರ. ಹಾಗಾಗಿ ಹಳೇ ಡಾಕ್ಟರ ಕಾಲದಿಂದಲೂ ಅವನ ಕುಂಡಗಳೆಲ್ಲ ಅಲ್ಲಿ ರೋಗಿಗಳ ಜೊತೆ ಸರತಿಯಲ್ಲಿ ಕೂತಿದ್ದವು: ಪುದೀನ, ಮೆಣಸಿನಕಾಯಿ, ಎರಡು ಜರೀಗಿಡ, ಮತ್ತು ಮೂಲೆಯ ಕುರ್ಚಿಗೆ ಅಂಟಿಕೊಂಡಂತೆ ಒಂದು ನಿಂಬೆ. ಪೊಟ್ಟಣದ ಗೊಬ್ಬರ, ಬಾಟಲಿಯ ಔಷಧಿ ಯಾವುದನ್ನೂ ಅವನು ಕುಂಡದ ಹತ್ತಿರ ಸುಳಿಯಗೊಡುತ್ತಿರಲಿಲ್ಲ. "ದಿನಾ ಹಲ್ಲಿಗೆ ಕಲೆಸೋ ಕೆಮಿಕಲ್ ಘಾಟು ನನ್ನ ಮೂಗಿಗೇ ಸಾಕಾಗಿದೆ. ಅವಾದ್ರೂ ಚೆನ್ನಾಗಿರ್ಲಿ," ಎನ್ನುತ್ತಿದ್ದ.

ಅವುಗಳಲ್ಲಿ ನಿಂಬೆಯ ಹುಟ್ಟು ಒಂದು ಗುಟ್ಟು. ಹಳೇ ಡಾಕ್ಟರು ಬದುಕಿರುವ ತನಕ ಬಂದವರಿಗೆಲ್ಲ "ಸ್ವಂತ ಹಲ್ಲು ಉಳಿಸಿಕೊಳ್ಳಿ, ನನ್ನನ್ನ ನೋಡಿ" ಎಂದು ಮುತ್ತಿನಂಥ ಹಲ್ಲು ತೋರಿಸುತ್ತಿದ್ದರು. ಆ ಮುತ್ತುಗಳನ್ನು ಪೋಣಿಸಿದವನು ಸೆಟ್ಟಣ್ಣ. ಹೆಂಡತಿ ಮಕ್ಕಳಿಗೂ ಗೊತ್ತಾಗದ ಹಾಗೆ ಅವರು ಒಳಗಿನ ಕೋಣೆಯ ಚಿಲಕ ಹಾಕಿಕೊಂಡು ಸೆಟ್ಟು ತೆಗೆದು ಅವನ ಕೈಗೆ ಕೊಡುತ್ತಿದ್ದರು. ಒಂದು ದಿನ "ಒತ್ತುತ್ತಾ ಇದೆ ಕಣಯ್ಯಾ" ಎಂದು ಕೊಟ್ಟಾಗ, ಸೆಟ್ಟಿನ ಅಡಿಯಲ್ಲಿ ಒಂದು ನಿಂಬೆಬೀಜ ಸಿಕ್ಕಿಕೊಂಡಿತ್ತು. ಬಿಸಾಡಲು ಮನಸ್ಸಾಗದೆ ಸೆಟ್ಟಣ್ಣ ಅದನ್ನು ಪ್ಲಾಸ್ಟರಿನ ಖಾಲಿ ಡಬ್ಬದಲ್ಲಿ ನೆಟ್ಟ. ಡಾಕ್ಟರು ಹೋದರು, ಗಿಡ ಉಳಿಯಿತು. ಡಾಕ್ಟರಮ್ಮ ಒಮ್ಮೆ "ಈ ನಿಂಬೆ ಮೇಲೆ ಯಾಕೆ ಅಷ್ಟು ಪ್ರೀತಿ ಸೆಟ್ಟಣ್ಣ?" ಎಂದಾಗ ಅವನು "ಹಳೇ ಪರಿಚಯ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದ.

ಆ ಹಳೇ ಪರಿಚಯಕ್ಕೆ ಈಚೆಗೆ ಕಾಮಾಲೆ ಬಂದಂತಿತ್ತು. ಎಲೆ ಹಳದಿ, ನರ ಮಾತ್ರ ಹಸಿರು. ಸೆಟ್ಟಣ್ಣ ಅಲ್ಲಿ ಇಲ್ಲಿ ಓದಿ ಕೇಳಿ ಕಾರಣ ಹುಡುಕಿದ. ಮಣ್ಣಿನಲ್ಲಿ ಕಬ್ಬಿಣದ ಅಂಶ ಬೇಕಾದಷ್ಟಿರುತ್ತದೆ, ಆದರೆ ಮಣ್ಣು ಸುಣ್ಣದ ಗುಣಕ್ಕೆ ವಾಲಿದರೆ ಅದು ಬೇರಿಗೆ ದಕ್ಕುವುದಿಲ್ಲ; ಬೀರುವಿನಲ್ಲಿ ಊಟವಿಟ್ಟು ಬೀಗ ಹಾಕಿದ ಹಾಗೆ. ನಿಂಬೆಗೆ ಬೇಕಾದ ಬೀಗದಕೈ ಎಂದರೆ ಕೊಂಚ ಹುಳಿ. ಅಳತೆಯಲ್ಲಿ ಏಳು ಎಂದರೆ ನಟ್ಟನಡುವೆ; ಕೆಳಗಿಳಿದರೆ ಹುಳಿ, ಮೇಲೇರಿದರೆ ಸುಣ್ಣ. ನಿಂಬೆ ಆರರ ಮೇಲೆ, ಏಳರ ಒಳಗೆ ಸುಖವಾಗಿರುತ್ತದೆ.

ಅಳೆಯುವುದಕ್ಕೆ ದೂರ ಹೋಗಬೇಕಾಗಿರಲಿಲ್ಲ. ರೋಗಿಗಳ ಉಗುಳಿನ ಹುಳಿ ನೋಡಲೆಂದು ಡಾಕ್ಟರಮ್ಮ ಬಣ್ಣ ಬದಲಿಸುವ ಕಾಗದದ ಪಟ್ಟಿಗಳನ್ನು ತರಿಸಿದ್ದರು. ಊರಿನ ಬಾಯಿಗಳೆಲ್ಲ ತುಸು ಹುಳಿ ಎಂದು ಕಂಡುಬಂದ ಮೇಲೆ, ಕಾಯುತ್ತ ಕೂತ ಪ್ರತಿಯೊಬ್ಬರೂ ಅಡುಗೆ ಸೋಡಾ ಕಲೆಸಿದ ಬೆಚ್ಚನೆಯ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕೆಂಬ ಹೊಸ ಕಾನೂನನ್ನೂ ತಂದಿದ್ದರು. ಕೌಂಟರಿನಲ್ಲಿ ಕೂತು ಟೋಕನ್ ಕೊಡುವ ಟೋಕನಕ್ಕ, ಟೋಕನ್ನಿನ ಜೊತೆಗೇ ಒಂದು ಕಾಗದದ ಲೋಟವನ್ನೂ ಕೊಡುತ್ತಿದ್ದಳು.

ಸೆಟ್ಟಣ್ಣ ಹೆಡ್‌ಮಿಸ್ಸಿನ ಶಾಲೆಯ ಹಿಂದಿನ ಮರಗಳ ಅಡಿಯಿಂದ ಒಂದು ಬಕೆಟ್ ಕೊಳೆತ ಎಲೆಮಣ್ಣು ತಂದಿದ್ದ. ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ ಕದಡಿ, ತಿಳಿ ಬಸಿದು, ಚಿಕಿತ್ಸಾಲಯದ್ದೇ ಸ್ಟೀಲ್ ಬಟ್ಟಲಿನಲ್ಲಿಟ್ಟಿದ್ದ. ಪಕ್ಕದಲ್ಲಿ ಅಂಥದ್ದೇ ಬಟ್ಟಲಿನಲ್ಲಿ ಹೆಡ್‌ಮಿಸ್ಸಿನ ಉಗುಳು. ಟೋಕನಕ್ಕ ಮಣ್ಣಿನದ್ದನ್ನು ಡಾಕ್ಟರಮ್ಮನಿಗೆ ಒಯ್ದಳು, ಉಗುಳನ್ನು ಸೆಟ್ಟಣ್ಣನ ಮುಂದೆಯೇ ಬಿಟ್ಟಳು. ಹೀಗೆ ಹೆಡ್‌ಮಿಸ್ಸಿಗೆ ತಮ್ಮ ಶಾಲೆಯದ್ದೇ ಹುಳಿ ತಲುಪಿತು.

"ನನ್ನ ಬಾಯನ್ನ ಮಣ್ಣಿನ ಜೊತೆ ಇಟ್ಟಿದ್ರಾ?" ಎಂದರು ಹೆಡ್‌ಮಿಸ್.

"ಪಕ್ಕಪಕ್ಕ ಇಟ್ಟಿದ್ದೆ ಮಿಸ್, ಬೆರೆಸಿರ್ಲಿಲ್ಲ," ಎಂದ ಸೆಟ್ಟಣ್ಣ. "ನಿಮ್ಮದು ಏಳು. ಚೆನ್ನಾಗಿದೆ. ಮಿಠಾಯಿ ವಿಷಯ ನೀವು ಹೇಳೋ ಅವಶ್ಯಕತೆನೇ ಇರ್ಲಿಲ್ಲ."

ಹೆಡ್‌ಮಿಸ್ ಎದ್ದು ನಿಂತರು. ಎದ್ದು ನಿಂತರೆ ಅರ್ಧ ಕೋಣೆಯೂ ಎದ್ದು ನಿಂತಿತು, ರೂಢಿಯ ಮೇಲೆ. ಡಾಕ್ಟರಮ್ಮನ ಕಡೆ ತಿರುಗಿ ಅವರು ಒಂದೇ ಮಾತು ಹೇಳಿದರು: ಇಡೀ ಶಾಲೆಯ ಮಕ್ಕಳ ಹಲ್ಲು ತಪಾಸಣೆ ಪ್ರತಿವರ್ಷ ಇಲ್ಲೇ ನಡೆಯುತ್ತಿದೆ, ಈ ವರ್ಷ ಮಣ್ಣು ಗೊಬ್ಬರದ ನಡುವೆ ನಡೆಯಬೇಕೇ ಎಂದು ಯೋಚಿಸಬೇಕಾಗುತ್ತದೆ.

ಅವರು ಹೋದ ಮೇಲೆ ಡಾಕ್ಟರಮ್ಮ ನಿಂಬೆಗಿಡದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಸೆಟ್ಟಣ್ಣ, ನೀವು ನನ್ನನ್ನ ಎತ್ತಿ ಆಡಿಸಿದವರು, ನಾನು ಹೇಳಬಾರದು. ಆದ್ರೆ ಇದನ್ನ ನೋಡಿ. ಬಂದವರು ಏನಂದ್ಕೋತಾರೆ? ಒಂದು ಗಿಡ ಉಳಿಸ್ಕೊಳ್ಳೋಕೆ ಬರದವರು ಹಲ್ಲೇನು ಉಳಿಸ್ತಾರೆ ಅಂತಾರೆ. ತಪಾಸಣೆ ಹೊತ್ತಿಗೆ ಇದು ಹಸಿರಾದ್ರೆ ಸರಿ. ಇಲ್ಲಾಂದ್ರೆ ಎಲ್ಲಾ ಕುಂಡನೂ ಮೇಲಕ್ಕೆ ತಗೊಂಡು ಹೋಗಿ. ಪ್ಲಾಸ್ಟಿಕ್ ಗಿಡಕ್ಕೆ ಹೇಳಿದ್ದೀನಿ, ಮೊದಲು ಮಾದರಿಗೆ ಅಂತ ಒಂದು ಬರುತ್ತೆ. ಮತ್ತೆ ಇನ್ನು ಮೇಲೆ ನನ್ನ ಪಟ್ಟಿ ಮುಟ್ಟಬೇಡಿ."

ಮೇಲಕ್ಕೆ ಎಂದರೆ ಗೋಡೆ ನೋಡುವ ಕಿಟಕಿಗೆ. ಅಲ್ಲಿ ಸೆಟ್ಟಣ್ಣನ ಮೀಸೆ ಬಿಟ್ಟು ಬೇರೇನೂ ಬೆಳೆದದ್ದಿಲ್ಲ. ಹಳೇ ಡಾಕ್ಟರ ನಿಂಬೆ ಅಲ್ಲಿ ಒಂದು ತಿಂಗಳೂ ಬಾಳದು ಎಂಬುದು ಅವನಿಗೆ ಗೊತ್ತು. "ಇದು ನಿಮ್ಮಪ್ಪನ ಗಿಡ" ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಿದರೆ ಬೀಜ ಎಲ್ಲಿ ಸಿಕ್ಕಿತೆಂದೂ ಹೇಳಬೇಕು. ಅವನು ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಮರಳಿದ; ಸ್ವಂತ ಹಲ್ಲು.

ಪಟ್ಟಿ ಹೋದರೂ ಪಟ್ಟು ಹೋಗಲಿಲ್ಲ. ಆ ಸಂಜೆ ಅವನು ನೇರಳೆ ಬಣ್ಣದ ಎಲೆಕೋಸು ಹಿಡಿದು ಮನೆಗೆ ಹೋದ. ಅದನ್ನು ಬೇಯಿಸಿದ ನೀರು ಹುಳಿ ತಾಗಿದರೆ ಗುಲಾಬಿಯಾಗುತ್ತದೆ, ಸೋಡಾ ಸುಣ್ಣ ತಾಗಿದರೆ ನೀಲಿ, ಹಸಿರು ಎಂದು ಎಲ್ಲೋ ಓದಿದ್ದ.

"ರೀ, ಕೋಸು ತಂದಿದ್ದು ಅಡುಗೆಗೆ ತಾನೇ?" ಎಂದಳು ಹೆಂಡತಿ.

"ಕೋಸು ನಿನಗೆ. ಬೆಂದ ನೀರು ನನಗೆ."

"ಮದುವೆಯಾದಾಗಿನಿಂದ ಮೊದಲನೇ ಸಲ ಏನೋ ಹಂಚಿಕೊಳ್ತಿದ್ದೀರಿ. ಗಿಡಕ್ಕೆ ಜ್ವರ ಬಂದ್ರೆ ಮಾತ್ರ ನಿಮಗೆ ಅಡುಗೆಮನೆ ದಾರಿ ಗೊತ್ತಾಗುತ್ತೆ," ಎನ್ನುತ್ತ ಆಕೆ ಕೋಸನ್ನು ಬೇಯಿಸಿದಳು. ಹಾಗೆ ಅನ್ನುತ್ತಲೇ ಟೀ ಸೋಸಿದ ಪುಡಿಯನ್ನು ತೊಳೆದು ಒಣಗಿಸಿ ಗಿಡಕ್ಕೆಂದು ಡಬ್ಬಿಯಲ್ಲಿ ತುಂಬಿಡುತ್ತಿದ್ದವಳೂ ಅವಳೇ.

ನಲ್ಲಿಯ ನೀರು ಗಡಸು, ಅದೇ ಕಳ್ಳ ಎಂದು ಸೆಟ್ಟಣ್ಣ ಮೊದಲು ತೀರ್ಮಾನಿಸಿದ. ನೀರನ್ನು ಕುದಿಸಿ, ತಳಕ್ಕಿಳಿದ ಬಿಳೀ ಹುಡಿ ಬಿಟ್ಟು, ಮೇಲಿನದನ್ನು ಆರಿಸಿ ಹಾಕತೊಡಗಿದ. ಮೇಲ್ಮಣ್ಣು ತೆಗೆದು ಎಲೆಮಣ್ಣು ತುಂಬಿದ. ಲೋಟ ನೀರಿಗೆ ಚೂರೇ ಚೂರು ವಿನೆಗರ್ ಬೆರೆಸಿಯೂ ಕೊಟ್ಟ. ವಿನೆಗರಿನ ಜೋರು ಹೊಸ ಸೊಸೆಯ ನಾಚಿಕೆಯ ಹಾಗೆ, ಬಹಳ ದಿನ ನಿಲ್ಲುವುದಿಲ್ಲ. ಎಲೆಮಣ್ಣು ನಿಧಾನವಾದರೂ ನೆಚ್ಚಬಹುದು. ರಜೆಯ ದಿನ ಸಂಜೆ ಕೋಸಿನ ನೀರಿಗೆ ಮಣ್ಣು ಹಾಕಿ ನೋಡಿದ. ತಿಳಿಗುಲಾಬಿ. ಖುಷಿಯಿಂದ ಹೆಂಡತಿಯನ್ನು ಕರೆದು ತೋರಿಸಿದ. "ಚೆನ್ನಾಗಿದೆ, ಇದೇ ಬಣ್ಣದ ಪರದೆ ಹಾಕಿಸ್ರೀ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀನಿ," ಎಂದಳು ಆಕೆ.

ಮಾರನೇ ದಿನ ಚಿಕಿತ್ಸಾಲಯ ತೆರೆದು ಮುಚ್ಚಿದ ಮೇಲೆ ನೋಡಿದರೆ ನೀರು ಹಸಿರಿಗೆ ತಿರುಗಿತು. ಮತ್ತೆ ಎಲೆಮಣ್ಣು, ಮತ್ತೆ ಟೀಪುಡಿ. ಮತ್ತೆ ರಜೆಯ ದಿನ ಗುಲಾಬಿ, ಕೆಲಸದ ದಿನ ಹಸಿರು. ಪಕ್ಕದ ಪುದೀನ ಮೆಣಸಿನಕಾಯಿಗೆ ಏನೂ ಇಲ್ಲ, ನಿಂಬೆಗೆ ಮಾತ್ರ ಈ ಸಂಕಟ. ಎಷ್ಟು ಹುಳಿ ಹಿಂಡಿದರೂ ಹುಳಿ ಹತ್ತುತ್ತಿಲ್ಲವಲ್ಲ ಎಂದು ಅವನು ತಲೆ ಕೆಡಿಸಿಕೊಂಡ. ತಪಾಸಣೆ ಹತ್ತಿರವಾಗುತ್ತಿತ್ತು. ಮಾದರಿಯ ಪ್ಲಾಸ್ಟಿಕ್ ಗಿಡ ಬಂದೂ ಬಿಟ್ಟಿತು. ಅದೂ ನಿಂಬೆಯ ಎಲೆಯದ್ದೇ, ಕುಂಡದ ತುಂಬ ಗುಂಡಗಿನ ಕಲ್ಲು, ಮೇಲೆ ಒಂದು ಧೂಳಿನ ಕಣವಿಲ್ಲ. ಟೋಕನಕ್ಕ ಅದನ್ನು ಕೌಂಟರಿನ ಪಕ್ಕ ನಿಲ್ಲಿಸಿ, "ನೋಡಿ ಸೆಟ್ಟಣ್ಣ, ನಿಮ್ಮ ಹಲ್ಲಿನ ಜಾತಿಯದ್ದೇ. ತೊಳೆದು ಇಟ್ರೆ ಆಯ್ತು," ಎಂದಳು.

ಸೆಟ್ಟಣ್ಣನ ಕೋಣೆಯ ಬಾಗಿಲಲ್ಲಿ ಕೈಯಗಲದ ಒಂದು ಕಿಂಡಿಯಿದೆ, ತಯಾರಾದ ಹಲ್ಲು ಆಚೆ ದಾಟಿಸಲು. ಮರುದಿನ ಅವನು ಕಿಂಡಿಯ ಹಲಗೆ ಸರಿಸಿ, ಕೆಲಸ ಮಾಡುವವನಂತೆ ನಟಿಸುತ್ತ, ಕಣ್ಣನ್ನು ನಿಂಬೆಯ ಮೇಲೆ ನೆಟ್ಟು ಕೂತ.

ಮೊದಲು ಬಂದವನು ಲಾರಿ ಡ್ರೈವರು. ಟೋಕನ್ ತಗೊಂಡ, ಲೋಟ ತಗೊಂಡ, ಬಾಯಿ ತುಂಬ ಸೋಡಾ ನೀರು ಹಾಕಿಕೊಂಡು ಕೆನ್ನೆ ಉಬ್ಬಿಸಿದ. ಉಗುಳುವ ಸಿಂಕು ಎದುರು ಗೋಡೆಗಿತ್ತು, ಅದರ ಮೇಲೆ ಆಳೆತ್ತರದ ಕನ್ನಡಿ. ಅಲ್ಲಿಗೆ ಹೋಗಬೇಕಾದರೆ ಎರಡು ಸಾಲು ಜನರ ಮಂಡಿ ದಾಟಿ, ಅಷ್ಟೂ ಜನ ನೋಡುತ್ತಿರುವಾಗ, ನೋವಿರುವ ದವಡೆಯಿಂದ ಅಡ್ಡಾದಿಡ್ಡಿ ಉಗುಳಬೇಕು. ಡ್ರೈವರು ಆ ಕಡೆ ನೋಡಿದ, ಈ ಕಡೆ ನೋಡಿದ, ಲೋಟವನ್ನು ಬಾಯಿಗೆ ಹಿಡಿದು ಅದರಲ್ಲೇ ಉಗುಳಿದ. ಮೂಲೆಯ ಕುರ್ಚಿಗೆ ಜಾಗ ಬದಲಿಸಿದ. ಆಮೇಲೆ ಲೋಟವನ್ನು ನಿಂಬೆಯ ಬುಡಕ್ಕೆ ಬಗ್ಗಿಸಿ, ಗಿಡಕ್ಕೆ ನೀರು ಹಾಕಿ ಪುಣ್ಯ ಕಟ್ಟಿಕೊಂಡವನ ಮುಖ ಮಾಡಿಕೊಂಡು ಕೂತ.

ಅವನ ನಂತರ ಟೈಲರು. ಆಮೇಲೆ ಬೇಕರಿಯವನು, ಅವನ ತಾಯಿ. ಮೂಲೆಯ ಕುರ್ಚಿ ಖಾಲಿಯಾದ ಕೂಡಲೇ ಇನ್ನೊಬ್ಬರು ಉಬ್ಬಿದ ಕೆನ್ನೆಯಲ್ಲಿ ಅಲ್ಲಿಗೆ ಸರಿಯುತ್ತಿದ್ದರು. ಆ ಕುರ್ಚಿಗೆ ಬೇಡಿಕೆ ಯಾಕೆಂದು ಸೆಟ್ಟಣ್ಣ ಹಿಂದೆಯೂ ಯೋಚಿಸಿದ್ದ. ತನ್ನ ಗಿಡದ ತಂಪಿಗೆ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದ. ಈಗ ನೋಡಿದರೆ ಇಡೀ ಊರು ಸೇರಿ ಅವನ ಎಲೆಮಣ್ಣಿನ ಕಣ್ಣಿಗೆ ಸೋಡಾ ಎರಚುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹೆಡ್‌ಮಿಸ್ ಬಂದರು. ಅಂದಿನ ಘಟನೆ ಆದ ಮೇಲೂ ಬರಲೇಬೇಕಿತ್ತು. ಮೇಲಿನ ಸಾಲಿನ ಹೊಸ ಸೆಟ್ಟಿನ ಅಳತೆ ಆಗಿತ್ತು, ಅದು ಸೆಟ್ಟಣ್ಣನ ಕೈಯಲ್ಲಿತ್ತು, ಮತ್ತು ಹೆಡ್‌ಮಿಸ್ಸಿನ ಹಲ್ಲು ಕಟ್ಟಿಸಿದ್ದು ಎಂಬುದು ಊರಿನ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಅವರು ನೇರ ಮೂಲೆಯ ಕುರ್ಚಿಗೇ ಹೋಗಿ ಕೂತರು. ಮುಕ್ಕಳಿಸಿದರು, ಶಾಸ್ತ್ರೋಕ್ತವಾಗಿ, ಎಡಕ್ಕಿಷ್ಟು ಬಲಕ್ಕಿಷ್ಟು. ಆಮೇಲೆ ಎಲೆಯ ವಾಸನೆ ನೋಡುವವರ ಹಾಗೆ ಗಿಡದ ಕಡೆ ಬಾಗಿದರು. ಲೋಟದ ಗೋಜಿಗೇ ಹೋಗಲಿಲ್ಲ. ತಲೆಯೆತ್ತಿದಾಗ ಕೆನ್ನೆ ಇಳಿದಿತ್ತು.

ಕಿಂಡಿಯ ಹಿಂದೆ ಸೆಟ್ಟಣ್ಣ ಉಗುಳು ನುಂಗಿದ. ಈಗ ಹೊರಗೆ ಹೋಗಿ ಡಾಕ್ಟರಮ್ಮನಿಗೆ ಒಂದು ಮಾತು ಹೇಳಿದರೆ ಗಿಡ ಉಳಿಯುತ್ತದೆ. ತಪ್ಪು ಗಿಡದ್ದಲ್ಲ, ನಿಮ್ಮ ಸೋಡಾ ಕಾನೂನಿನದ್ದು ಎನ್ನಬಹುದು. ಆದರೆ ಯಾರು ಯಾರು ಎಂದು ಕೇಳಿದರೆ? ಬಾಯೊಳಗಿದ್ದದ್ದು ಬಾಯಿಯ ವಿಷಯವಾದರೆ, ಬಾಯಿಂದ ಹೊರಗೆ ಬಿದ್ದದ್ದೂ ಬಾಯಿಯ ವಿಷಯವೇ. ಅವನು ಬಹಳ ಹೊತ್ತು ಯೋಚಿಸಿದ. ಆ ಯೋಚನೆಯಲ್ಲಿ ಬೇಕರಿಯವನ ತಾಯಿಯ ಮುಂದಿನ ಹಲ್ಲು ಹಿಂದಕ್ಕೂ ಹಿಂದಿನದು ಮುಂದಕ್ಕೂ ಕೂತು, ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸಬೇಕಾಯಿತು.

ಸಂಜೆ ಕೌಂಟರಿಗೆ ಹೋಗಿ, "ಆ ಪ್ಲಾಸ್ಟಿಕ್ ಗಿಡ ಕೊಡಮ್ಮ, ಮೂಲೆ ಕುರ್ಚಿ ಪಕ್ಕ ಇಡ್ತೀನಿ," ಎಂದ.

"ಸೋತ್ರಾ ಸೆಟ್ಟಣ್ಣ?" ಟೋಕನಕ್ಕನ ದನಿಯಲ್ಲಿ ನಿಜವಾಗಿ ಮರುಕವಿತ್ತು.

"ಇಲ್ಲ. ಸುಮ್ನೆ ನಿಂತಿದೆಯಲ್ಲ, ಒಂದು ಕೆಲಸ ಕೊಡ್ತಿದ್ದೀನಿ."

ನಿಂಬೆಯನ್ನು ಅವನು ಕೈಗೆಟಕದಷ್ಟು ದೂರ, ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಸೋಡಾ ಕುಡಿದ ಮಣ್ಣನ್ನು ಬೇರಿಗೆ ನೋವಾಗದಂತೆ ಬಿಡಿಸಿ, ಹೊಸ ಎಲೆಮಣ್ಣು ಕೊಟ್ಟು, ಕುದಿಸಿ ಆರಿಸಿದ ನೀರು ಹನಿಸಿದ. ಪ್ಲಾಸ್ಟಿಕ್ ಗಿಡ ಮೂಲೆಯ ಕೆಲಸ ವಹಿಸಿಕೊಂಡಿತು. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಉಬ್ಬಿದ ಕೆನ್ನೆಯಲ್ಲಿ ಬರುವವರು ಎಲೆಯ ಜಾತಿ ವಿಚಾರಿಸುವುದಿಲ್ಲ. ಆಗಾಗ ಅವನು ಪ್ಲಾಸ್ಟಿಕ್ಕಿನ ಕುಂಡವನ್ನು ಸಿಂಕಿಗೆ ಬಗ್ಗಿಸಿ, ಕಲ್ಲು ತೊಳೆದು ಮತ್ತೆ ಇಡುತ್ತಿದ್ದ. ಕೋಸಿನ ನೀರು ಈಗ ಕೆಲಸದ ದಿನವೂ ಗುಲಾಬಿಯಾಗುತ್ತಿತ್ತು. ಹೆಂಡತಿ ಮಾತ್ರ, "ಗಿಡಕ್ಕೆ ವಾಸಿಯಾಯ್ತು ಅಂದ್ರಲ್ಲ, ಇನ್ನಾದ್ರೂ ಬೇರೆ ತರಕಾರಿ ತನ್ನಿ," ಎಂದಳು.

ಹಳದಿ ಎಲೆಗಳು ಒಂದೊಂದಾಗಿ ಉದುರಿದವು. ಗಿಡ ಬೋಳಾಗುತ್ತಿದೆ ಎಂದು ಡಾಕ್ಟರಮ್ಮ ಹೋಗುತ್ತ ಬರುತ್ತ ಹುಬ್ಬೇರಿಸುತ್ತಿದ್ದರು. ಸೆಟ್ಟಣ್ಣ ಕೈಯಲ್ಲಿದ್ದ ಸೆಟ್ಟು ಉಜ್ಜುವುದನ್ನು ಬಿಟ್ಟು ದಿನಕ್ಕೆ ಹತ್ತು ಸಲ ಕಿಂಡಿಯಿಂದ ಇಣುಕುತ್ತಿದ್ದ. ಕೊನೆಗೆ ತಪಾಸಣೆ ಇನ್ನೇನು ಬಂತು ಅನ್ನುವಾಗ ತುದಿಯಲ್ಲಿ ಒಂದು ಚಿಗುರು, ಅದರ ಕೆಳಗೆ ಇನ್ನೆರಡು. ನರವೂ ಹಸಿರು, ಎಲೆಯೂ ಹಸಿರು. ಹಾಲುಹಲ್ಲು ಮೂಡಿದ ಹಾಗೆ.

ತಪಾಸಣೆಯ ದಿನ ಕಾಯುವ ಕೋಣೆ ಮಕ್ಕಳಿಂದ ಗಿಜಿಗುಟ್ಟುತ್ತಿತ್ತು. ಡಾಕ್ಟರಮ್ಮ ಮೊದಲು ಕಿಟಕಿಯ ಹತ್ತಿರ ಬಂದರು, ಚಿಗುರನ್ನು ಬೆರಳಲ್ಲಿ ಮುಟ್ಟಿದರು. "ಪರವಾಗಿಲ್ಲ ಸೆಟ್ಟಣ್ಣ," ಎಂದರು. "ಇದು ಇಲ್ಲೇ ಇರ್ಲಿ. ಯಾಕೋ ಇದನ್ನ ನೋಡಿದ್ರೆ ಅಪ್ಪನ ನೆನಪಾಗುತ್ತೆ. ಅವರ ಹಲ್ಲೂ ಹೀಗೇ, ಆ ವಯಸ್ಸಲ್ಲೂ ಒಂದೂ ಅಲ್ಲಾಡಿರ್ಲಿಲ್ಲ."

"ಅಲ್ಲಾಡ್ತಿರ್ಲಿಲ್ಲ," ಎಂದ ಸೆಟ್ಟಣ್ಣ. ಅದು ಸುಳ್ಳೇನೂ ಅಲ್ಲ. ಅಷ್ಟು ಬಿಗಿಯಾಗಿ ಕೂರಿಸಿದ್ದ.

ಡಾಕ್ಟರಮ್ಮ ಒಳಗೆ ಹೋದರು. ಹೆಡ್‌ಮಿಸ್ ಹೊಸ ಸೆಟ್ಟು ಧರಿಸಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಮಕ್ಕಳಿಗೆ ಮೇಲ್ಪಂಕ್ತಿ ಹಾಕಲು ಮೊದಲು ತಾವೇ ಸೋಡಾ ನೀರು ಮುಕ್ಕಳಿಸಿ, ಎಲ್ಲರೂ ಅತ್ತ ತಿರುಗಿದ ಗಳಿಗೆಯಲ್ಲಿ ಎಲೆಯ ವಾಸನೆಯನ್ನೂ ನೋಡಿ ಆಗಿತ್ತು. ಗಿಡ ಉಳಿಯಿತೆಂದು ಕೇಳಿ ಅವರ ಮನಸ್ಸೂ ದೊಡ್ಡದಾಗಿತ್ತು. ಪಕ್ಕದ ಕುಂಡದತ್ತ ಕೈ ತೋರಿಸಿ ದನಿಯೇರಿಸಿದರು.

"ನೋಡಿ ಮಕ್ಕಳೇ. ಒಂದು ಹಳದಿ ಎಲೆ ಇದೆಯಾ? ಒಂದು ಹುಳು ಇದೆಯಾ? ಪ್ರೀತಿ ಮತ್ತು ಶಿಸ್ತು ಇದ್ದರೆ ಗಿಡ ಹೀಗಿರುತ್ತೆ. ನಾನು ಅವತ್ತು ಕೋಪ ಮಾಡಿಕೊಂಡೆ, ಸೆಟ್ಟಣ್ಣ, ಮನಸ್ಸಿಗೆ ಹಚ್ಕೋಬೇಡಿ. ಹೇಳಿ, ಇದು ಇಷ್ಟು ಹಸಿರಾಗಿರೋಕೆ ಏನು ಹಾಕ್ತೀರಿ?"

ಮಕ್ಕಳೆಲ್ಲ ಸೆಟ್ಟಣ್ಣನ ಕಡೆ ತಿರುಗಿದರು. ಸೆಟ್ಟಣ್ಣ ಕೈಯ ಪ್ಲಾಸ್ಟರ್ ಒರೆಸಿಕೊಳ್ಳುತ್ತ ಹತ್ತಿರ ಬಂದು, ಹೆಡ್‌ಮಿಸ್ಸಿನ ಕಿವಿಯ ಬಳಿ ಬಾಗಿ, ಅವರಿಗೊಬ್ಬರಿಗೇ ಕೇಳುವಂತೆ ಹೇಳಿದ.

"ನೀವು ಈಗ ಹಾಕಿದ್ರಲ್ಲ ಮಿಸ್, ಅದನ್ನೇ. ಪ್ಲಾಸ್ಟಿಕ್ಕು, ತಡ್ಕೊಳ್ಳುತ್ತೆ."